ಭುಜದ ಎಲುಬಿನ ಆಕಾರ ಮತ್ತು ಭುಜದ ನೋವು: ತುರೋರಿ ಸೀಮೆಯ ದುಡಿಮೆಯನ್ನು ಮುಂದಿಟ್ಟುಕೊಂಡು ಒಂದು ಸಮೀಕ್ಷೆ

ಮನುಷ್ಯದೇಹದ ಕೀಲುಗಳಲ್ಲೆಲ್ಲ ಅತಿ ಹೆಚ್ಚು ದಿಕ್ಕುಗಳಿಗೆ ತಿರುಗಬಲ್ಲ ಕೀಲು ಭುಜದ್ದು. ಅಷ್ಟು ಸಡಿಲವಾಗಿ ಕೂಡಿಕೊಂಡಿರುವುದರಿಂದಲೇ ಅದು ಬೇಗ ನೋಯುವ, ಜಾರುವ, ಬಿಗಿದುಕೊಳ್ಳುವ ಕೀಲೂ ಆಗಿದೆ. ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬರಿಗೆ ಈ ನೋವು ಬಂದು ಇನ್ನೊಬ್ಬರಿಗೆ ಬಾರದಿರುವುದೇಕೆ ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರ ಕೊಟ್ಟ ಉತ್ತರಗಳಲ್ಲಿ ಬಹಳ ಕಾಲ ಮೇಲುಗೈ ಪಡೆದಿದ್ದು ಎಲುಬಿನ ಆಕಾರವನ್ನು ಹೊಣೆ ಮಾಡುವ ಉತ್ತರ. ಕೆಲವರ ಭುಜದ ಮೇಲಿನ ಎಲುಬು ಕೊಕ್ಕೆಯ ಹಾಗೆ ಕೆಳಕ್ಕೆ ಬಾಗಿರುತ್ತದೆ, ಕೈ ಎತ್ತಿದಾಗಲೆಲ್ಲ ಅದು ಕೆಳಗಿನ ಸ್ನಾಯುರಜ್ಜುವನ್ನು, ಎಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಗಟ್ಟಿ ನಾರಿನ ಪಟ್ಟಿಯನ್ನು, ತಿಕ್ಕುತ್ತದೆ, ತಿಕ್ಕಿದ ಪಟ್ಟಿ ಕೊನೆಗೆ ಹರಿಯುತ್ತದೆ ಎಂಬುದು ಅದರ ಸಾರ. ಈ ಉತ್ತರ ಎಷ್ಟರ ಮಟ್ಟಿಗೆ ನಿಂತಿದೆ, ಎಲ್ಲಿ ಕುಸಿದಿದೆ, ಯಾವ ಸಂದರ್ಭದಲ್ಲಿ ಇಂದಿಗೂ ಪೂರ್ತಿ ನಿಜವಾಗಿದೆ ಎಂಬುದನ್ನು ಪರಿಶೀಲಿಸಿ, ಮೈಮುರಿದು ದುಡಿಯುವ ಒಂದು ಸೀಮೆ ಅದರಿಂದ ಏನನ್ನು ತಿಳಿಯಬೇಕು ಎಂದು ನೋಡುವುದು ಇಲ್ಲಿನ ಉದ್ದೇಶ.

ಆ ಸೀಮೆ ಮಹಾರಾಷ್ಟ್ರದ ಮರಾಠವಾಡದ ಅಂಚಿನಲ್ಲಿ, ಕಲಬುರಗಿ ಮತ್ತು ಬೀದರ ಜಿಲ್ಲೆಗಳಿಗೆ ತಾಗಿಕೊಂಡಿದೆ. ತುರೋರಿ ಧಾರಾಶಿವ ಜಿಲ್ಲೆಯ ಉಮರ್ಗಾ ತಾಲ್ಲೂಕಿನ ಊರು, ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿನದು. ನಿಲಂಗಾ ಮತ್ತು ಉದಗೀರ ಇಂದು ಲಾತೂರ ಜಿಲ್ಲೆಯಲ್ಲಿದ್ದರೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಗೆ ಸೇರಿದ್ದವು. ಮನೆಯಲ್ಲಿ ಕನ್ನಡ, ಶಾಲೆ ಮತ್ತು ಕಚೇರಿಯಲ್ಲಿ ಮರಾಠಿ ಎಂಬಂತೆ ಎರಡೂ ನುಡಿಗಳಲ್ಲಿ ಬಾಳುವ ಕುಟುಂಬಗಳು ಇಲ್ಲಿ ಬಹಳ. ಭುಜದ ಅಧ್ಯಯನಕ್ಕೆ ಈ ಸೀಮೆಯನ್ನು ಎದುರಿಗಿಟ್ಟುಕೊಳ್ಳಲು ಕಾರಣ ಇಲ್ಲಿನ ದುಡಿಮೆಯ ಸ್ವರೂಪ. ತೊಗರಿ, ಜೋಳ, ಸೋಯಾಬೀನ್ ಬೆಳೆಯುವ ಈ ಕಪ್ಪುನೆಲದಲ್ಲಿ ಬಿತ್ತನೆಯಿಂದ ರಾಶಿಯವರೆಗಿನ ಬಹುಪಾಲು ಕೆಲಸ ಇಂದಿಗೂ ಕೈಗಳ ಮೇಲೆ ನಡೆಯುತ್ತದೆ. ಮಳೆ ಕೈಕೊಟ್ಟ ವರ್ಷ ಗಂಡ–ಹೆಂಡತಿ ಕೂಡಿಯೇ ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೋ ಬೆಳಗಾವಿ, ಬಾಗಲಕೋಟೆಗಳ ಕಡೆಗೋ ಹೊರಡುವುದು ಮರಾಠವಾಡದ ಹಳೆಯ ಪಾಡು. ಉದಗೀರದ ಅಡತಿ ಮತ್ತು ದಾಲ್ ಮಿಲ್ಲುಗಳಲ್ಲಿ ಕಾಳಿನ ಚೀಲ ಹೊರುವ ಹಮಾಲರ ಬದುಕೆಲ್ಲ ಹೆಗಲಿನ ಮೇಲೆಯೇ ನಿಂತಿದೆ.

ಈ ದುಡಿಮೆಯಲ್ಲಿ ಭುಜದ ಮೇಲೆ ಬೀಳುವ ಹೊರೆ ಎಲ್ಲ ಕೆಲಸಗಳಲ್ಲಿ ಒಂದೇ ಬಗೆಯದಲ್ಲ ಎಂಬುದನ್ನು ಮೊದಲೇ ಗುರುತಿಸಿಕೊಳ್ಳಬೇಕು. ಕಬ್ಬು ಕಡಿಯುವಾಗ ಬಾಗಿದ ಬೆನ್ನು, ಕೊಯ್ತಾ ಹಿಡಿದ ಒಂದೇ ಕೈಯ ಬೀಸು ದಿನವಿಡೀ ನಡೆಯುತ್ತದೆ, ಆದರೆ ಆ ಕೈ ಭುಜದ ಮಟ್ಟದಿಂದ ಮೇಲೇರುವುದು ಕಡಿಮೆ. ಕಡಿದ ಕಬ್ಬನ್ನು ಹೊರೆ ಕಟ್ಟಿ, ಮೂವತ್ತು ಕಿಲೋಗೂ ಮಿಕ್ಕ ಆ ಹೊರೆಯನ್ನು ತಲೆಯ ಮೇಲಿಟ್ಟು, ಎರಡೂ ಕೈ ಮೇಲೆತ್ತಿ ಹಿಡಿದು, ಲಾರಿಗೆ ಒರಗಿಸಿದ ಸಪೂರ ಹಲಗೆಯ ಮೇಲೆ ಹತ್ತಿ, ತುದಿಯಲ್ಲಿ ಒಮ್ಮೆಗೇ ಮುಂದಕ್ಕೆ ಎತ್ತಿಹಾಕುವಾಗ ಮಾತ್ರ ಭುಜ ತನಗೆ ಅತ್ಯಂತ ಪ್ರತಿಕೂಲವಾದ ಭಂಗಿಯಲ್ಲಿ ಭಾರ ತಡೆಯುತ್ತದೆ. ಕಣದಲ್ಲಿ ಜೋಳದ ಕಣಿಕೆಯ ಸೂಡುಗಳನ್ನು ಕೆಳಗಿನಿಂದ ಬಣವೆಯ ಮೇಲಕ್ಕೆ ಎಸೆಯುವುದೂ ಇದೇ ಜಾತಿಯ ಕೆಲಸ. ರೊಟ್ಟಿ ಬಡಿಯುವುದು, ಕಳೆ ಕೀಳುವುದು ಎಷ್ಟು ದಣಿಸಿದರೂ ತೋಳನ್ನು ತಲೆಯ ಮೇಲಕ್ಕೆ ಒಯ್ಯುವುದಿಲ್ಲ. ಕೈಯನ್ನು ಭುಜದಿಂದ ಮೇಲೆ ಹಿಡಿದು, ಭಾರ ಹೊತ್ತು, ಮತ್ತೆ ಮತ್ತೆ ಮಾಡುವ ಕೆಲಸವೇ ಸ್ನಾಯುರಜ್ಜುಗಳ ಸವೆತಕ್ಕೆ ದಾರಿ ಎಂಬುದನ್ನು ಗೋಡೆಗೆ ಬಣ್ಣ ಹಚ್ಚುವವರು, ವಾಹನ ದುರಸ್ತಿಯವರು ಮುಂತಾದ ಕಸುಬುದಾರರ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ.

ಎಲುಬಿನ ಪ್ರಶ್ನೆಗೆ ಬರುವ ಮುನ್ನ ಕೀಲಿನ ರಚನೆಯನ್ನು ತುಸು ಹತ್ತಿರದಿಂದ ನೋಡಬೇಕಾಗುತ್ತದೆ. ಬೆನ್ನಿನ ಮೇಲ್ಭಾಗದಲ್ಲಿ ಎರಡೂ ಬದಿಗೆ ಕೈಗೆ ಸಿಗುವ ಚಪ್ಪಟೆಯಾದ ತ್ರಿಕೋನ ಎಲುಬು ಭುಜಫಲಕ. ಸುಶ್ರುತ ಸಂಹಿತೆಯಲ್ಲಿ ಅಂಸಫಲಕ ಎಂಬ ಹೆಸರಿನಿಂದ ಮರ್ಮಸ್ಥಾನಗಳಲ್ಲಿ ಒಂದಾಗಿ ಎಣಿಸಿರುವುದು ಈ ಭಾಗವನ್ನೇ. ಅದರ ಹೊರಮೂಲೆಯಲ್ಲಿ ಗ್ಲೀನಾಯ್ಡ್ ಎಂಬ ಆಳವಿಲ್ಲದ ಗುಳಿಯಿದೆ. ತೋಳೆಲುಬಿನ ದುಂಡನೆಯ ತಲೆ ಅದಕ್ಕೆ ಆತು ತಿರುಗುತ್ತದೆ. ಗುಳಿ ಎಷ್ಟು ಕಿರಿದೆಂದರೆ ಯಾವುದೇ ಗಳಿಗೆಯಲ್ಲಿ ತೋಳೆಲುಬಿನ ತಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅದಕ್ಕೆ ತಾಗಿರುವುದಿಲ್ಲ. ಈ ಕೊರತೆಯನ್ನು ತುಂಬುವುದು ಗುಳಿಯ ಸುತ್ತಲಿನ ಮೃದ್ವಸ್ಥಿಯ ಅಂಚು, ಕೀಲನ್ನು ಸುತ್ತಿದ ಪೊರೆ, ಮತ್ತು ನಾಲ್ಕು ಚಿಕ್ಕ ಸ್ನಾಯುಗಳ ರಜ್ಜುಗಳು ಒಂದಾಗಿ ತೋಳೆಲುಬಿನ ತಲೆಯನ್ನು ಅಪ್ಪಿಕೊಂಡಿರುವ ‘ರೊಟೇಟರ್ ಕಫ್’ ಎಂಬ ಪಟ್ಟಿ. ಭುಜಫಲಕದ ಹಿಂಬದಿಯಲ್ಲಿ ಅಡ್ಡಲಾಗಿ ಎದ್ದಿರುವ ಏಣು ಹೊರಕ್ಕೆ ಚಾಚಿ, ಮುಂದಕ್ಕೆ ತಿರುಗಿ, ಕೀಲಿನ ಮೇಲೆ ಮಾಡಿನಂತೆ ನಿಲ್ಲುತ್ತದೆ. ಆ ಚಾಚಿನ ಹೆಸರು ಅಕ್ರೋಮಿಯನ್. ಭುಜದ ತುದಿಯನ್ನು ಮುಟ್ಟಿದಾಗ ಬೆರಳಿಗೆ ಗಟ್ಟಿಯಾಗಿ ಸಿಗುವ ಎಲುಬು ಇದು. ಅಕ್ರೋಮಿಯನ್ನಿಗೂ ಕೆಳಗಿನ ತೋಳೆಲುಬಿನ ತಲೆಗೂ ನಡುವೆ ಸುಮಾರು ಒಂದು ಸೆಂಟಿಮೀಟರಿನ ಸಂದು ಇದ್ದು, ಅದರೊಳಗೆ ಕಫ್‌ನ ಮೇಲ್ಗಡೆಯ ಸುಪ್ರಾಸ್ಪೈನೇಟಸ್ ರಜ್ಜುವೂ, ಜಾರುವಿಕೆಗೆ ನೆರವಾಗುವ ಬರ್ಸಾ ಎಂಬ ತೆಳುಚೀಲವೂ ಇರುತ್ತವೆ. ಇಡೀ ವಾದ ನಡೆದಿರುವುದು ಈ ಒಂದು ಸೆಂಟಿಮೀಟರಿನ ಸಂದಿನ ಕುರಿತು.

ಭುಜದ ಬಗ್ಗೆ ಮೊದಲ ದೊಡ್ಡ ಗ್ರಂಥ ಬರೆದ ಬಾಸ್ಟನ್ನಿನ ಅರ್ನೆಸ್ಟ್ ಅಮೋರಿ ಕಾಡ್‌ಮನ್ 1934ರಲ್ಲಿ, ರಜ್ಜು ಹರಿಯುವುದು ಹೆಚ್ಚಾಗಿ ಅದರ ಒಳಮೈಯಿಂದ, ಎಂದರೆ ಕೀಲಿನ ಕಡೆಯಿಂದ, ವಯಸ್ಸಿನ ಸವೆತ ಮತ್ತು ಪೆಟ್ಟಿನ ಕಾರಣದಿಂದ ಎಂದು ಅಭಿಪ್ರಾಯಪಟ್ಟಿದ್ದ. ಈ ಅಭಿಪ್ರಾಯ ಹಿಂದೆ ಬಿದ್ದದ್ದು ನ್ಯೂಯಾರ್ಕಿನ ಚಾರ್ಲ್ಸ್ ನೀರ್ 1972ರಲ್ಲಿ ಪ್ರಕಟಿಸಿದ ಲೇಖನದಿಂದ. ನೀರ್ ನೂರು ಭುಜಫಲಕಗಳನ್ನು ಪರೀಕ್ಷಿಸಿ, ಅವುಗಳಲ್ಲಿ 11ರಲ್ಲಿ ಅಕ್ರೋಮಿಯನ್ನಿನ ಮುಂತುದಿಯ ಕೆಳಮೈಯಲ್ಲಿ ತಿಕ್ಕಾಟದ ಗುರುತುಗಳನ್ನೂ ಎಲುಬಿನ ಮುಳ್ಳುಗಳನ್ನೂ ಕಂಡು, ಕೈ ಮೇಲೆತ್ತಿದಾಗ ರಜ್ಜು ಆ ಮುಂತುದಿಗೆ ಸಿಕ್ಕಿ ನಜ್ಜಾಗುತ್ತದೆ ಎಂದು ತೀರ್ಮಾನಿಸಿದ. ಆ ತುದಿಯನ್ನು ಕೆತ್ತಿ ತೆಗೆಯುವ ಶಸ್ತ್ರಕ್ರಿಯೆಯನ್ನೂ ಸೂಚಿಸಿದ. 1983ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಫ್ ಹರಿತಗಳಲ್ಲಿ ನೂರಕ್ಕೆ 95ರಷ್ಟು ಈ ಸಿಕ್ಕಿಕೊಳ್ಳುವಿಕೆಯಿಂದಲೇ ಆಗುವಂಥವು ಎಂದು ಬರೆದ. ಶಸ್ತ್ರವೈದ್ಯನಿಗೆ ಕಣ್ಣಿಗೆ ಕಾಣುವ ಕಾರಣ, ಕೈಗೆ ಸಿಗುವ ಪರಿಹಾರ ಎರಡನ್ನೂ ಒಟ್ಟಿಗೇ ಒದಗಿಸಿದ್ದರಿಂದ ಈ ಸಿದ್ಧಾಂತ ಜಗತ್ತಿನಾದ್ಯಂತ ಬೇಗ ಒಪ್ಪಿಗೆ ಪಡೆಯಿತು.

ಅದಕ್ಕೆ ಅಂಕಿಗಳ ಬಲ ತಂದದ್ದು 1986ರಲ್ಲಿ ಲೂಯಿ ಬಿಗ್ಲಿಯಾನಿ ಮತ್ತು ಸಂಗಡಿಗರು ಮಾಡಿದ ವರ್ಗೀಕರಣ. 71 ಶವಗಳ 140 ಭುಜಗಳನ್ನು ಪರೀಕ್ಷಿಸಿದ ಅವರು ಅಕ್ರೋಮಿಯನ್ನಿನ ಕೆಳಮೈಯನ್ನು ಪಕ್ಕದಿಂದ ನೋಡಿದಾಗ ಕಾಣುವ ಆಕಾರಕ್ಕೆ ತಕ್ಕಂತೆ ಮೂರು ಬಗೆ ಮಾಡಿದರು: ಚಪ್ಪಟೆಯಾದದ್ದು ಒಂದನೆಯದು, ಬಾಗಿದ್ದು ಎರಡನೆಯದು, ಮುಂತುದಿ ಕೊಕ್ಕೆಯಾದದ್ದು ಮೂರನೆಯದು. ಪೂರ್ತಿ ಹರಿದ ಕಫ್ ಇದ್ದ ಭುಜಗಳಲ್ಲಿ ನೂರಕ್ಕೆ 73ರಷ್ಟು ಕೊಕ್ಕೆಯಾಕಾರದವು, ಚಪ್ಪಟೆಯವು ಬರೀ ಮೂರು ಎಂಬ ಅವರ ಲೆಕ್ಕ ಅಂದಿನಿಂದ ಪಠ್ಯಪುಸ್ತಕಗಳಲ್ಲಿ ನೆಲೆನಿಂತಿತು. ಭಾರತದ ವೈದ್ಯಕೀಯ ಕಾಲೇಜುಗಳ ಅಂಗರಚನಾ ವಿಭಾಗಗಳಲ್ಲಿ, ಕರ್ನಾಟಕದವುಗಳಲ್ಲಿಯೂ, ಒಣ ಭುಜಫಲಕಗಳನ್ನು ಅಳೆದು ಮಾಡಿದ ಅಧ್ಯಯನಗಳು ಹಲವು ಬಂದಿವೆ. ಅವುಗಳಲ್ಲಿ ಸಾಮಾನ್ಯವಾಗಿ ಬಾಗಿದ ಬಗೆಯೇ ಹೆಚ್ಚು ಸಿಗುತ್ತದೆ, ಕೊಕ್ಕೆಯದರ ಪ್ರಮಾಣ ಒಂದೊಂದು ಅಧ್ಯಯನದಲ್ಲಿ ಒಂದೊಂದು ಥರ. ಆದರೆ ಒಣ ಎಲುಬು ತನ್ನ ಒಡೆಯನ ಭುಜ ನೋಯುತ್ತಿತ್ತೋ ಇಲ್ಲವೋ ಎಂಬುದನ್ನು ಹೇಳಲಾರದು.

ಈ ವರ್ಗೀಕರಣದ ದೌರ್ಬಲ್ಯಗಳು ಒಂದೊಂದಾಗಿ ಹೊರಬಿದ್ದವು. ಮೊದಲನೆಯದು ಓದಿನ ಸಮಸ್ಯೆ: ಒಂದೇ ಎಕ್ಸ್‌ರೇಯನ್ನು ಬೇರೆ ಬೇರೆ ವೈದ್ಯರು ಬೇರೆ ಬೇರೆ ಬಗೆಗೆ ಸೇರಿಸುತ್ತಾರೆ, ರೋಗಿಯನ್ನು ನಿಲ್ಲಿಸಿದ ಕೋನ ತುಸು ಓರೆಯಾದರೂ ಬಾಗಿದ್ದು ಕೊಕ್ಕೆಯಾಗಿ ಕಾಣಿಸುತ್ತದೆ. ಎರಡನೆಯದು ವಯಸ್ಸಿನದು. ನಿಕಲ್ಸನ್, ಬಿಗ್ಲಿಯಾನಿ ಮತ್ತಿತರರು 1996ರಲ್ಲಿ 420 ಭುಜಫಲಕಗಳನ್ನು ನೋಡಿದಾಗ ಅಕ್ರೋಮಿಯನ್ನಿನ ಮೂಲ ಆಕಾರ ವಯಸ್ಸಿನೊಂದಿಗೆ ಬದಲಾಗುವುದಿಲ್ಲ, ಆದರೆ ಮುಂತುದಿಯ ಮುಳ್ಳು 50 ವರ್ಷದ ಒಳಗಿನವರಲ್ಲಿ ನೂರಕ್ಕೆ 7ರಷ್ಟಿದ್ದದ್ದು ಅದನ್ನು ದಾಟಿದವರಲ್ಲಿ 30ಕ್ಕೆ ಏರುತ್ತದೆ ಎಂದು ಕಂಡುಬಂತು. ರಜ್ಜುಗಳ ಹರಿತವೂ ವಯಸ್ಸಿನೊಂದಿಗೇ ಹೆಚ್ಚುವುದರಿಂದ, ಮುಳ್ಳು ಹರಿತಕ್ಕೆ ಕಾರಣವೋ, ಹರಿತದಿಂದ ತೋಳೆಲುಬಿನ ತಲೆ ಮೇಲೇರಿ ಅಕ್ರೋಮಿಯನ್ನಿಗೆ ಕಟ್ಟಿದ ಅಸ್ಥಿರಜ್ಜುವನ್ನು ಜಗ್ಗಿದ ಫಲವಾಗಿ ಮುಳ್ಳು ಬೆಳೆಯಿತೋ, ಅಥವಾ ಎರಡೂ ಮುಪ್ಪಿನ ಜೊತೆಗಾರರೋ ಎಂದು ಬಿಡಿಸಿ ಹೇಳುವುದು ಕಷ್ಟವಾಯಿತು. ಮೂರನೆಯದು ಎಲ್ಲಕ್ಕಿಂತ ತೂಕದ್ದು: ಬಹಳಷ್ಟು ಹರಿತಗಳು ಶುರುವಾಗುವುದು ರಜ್ಜುವಿನ ಒಳಮೈಯಲ್ಲಿ, ಅಕ್ರೋಮಿಯನ್ ಮುಟ್ಟಲಾರದ ಕಡೆಯಲ್ಲಿ. ಮೇಲಿನ ಎಲುಬು ತಿಕ್ಕಿ ಹರಿಯುವುದಾಗಿದ್ದರೆ ಹರಿತ ಮೇಲ್ಮೈಯಿಂದ ಆರಂಭವಾಗಬೇಕಿತ್ತು. ಕಾಡ್‌ಮನ್ 1934ರಲ್ಲಿ ಕಂಡಿದ್ದನ್ನು ವಿಜ್ಞಾನ ಅರ್ಧ ಶತಮಾನದ ನಂತರ ಮತ್ತೆ ಕಂಡುಕೊಂಡಿತು ಎನ್ನಬೇಕು.

ಕೊಕ್ಕೆಯ ಸಿದ್ಧಾಂತ ಸಡಿಲವಾದಂತೆ ಸ್ವಿಟ್ಜರ್‌ಲ್ಯಾಂಡಿನ ಸಂಶೋಧಕರು ಆಕಾರದ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ಎತ್ತಿದರು. 2006ರಲ್ಲಿ ನಿಫೆಲರ್ ಮತ್ತು ಸಂಗಡಿಗರು ಅಕ್ರೋಮಿಯನ್ ಎಷ್ಟು ಬಾಗಿದೆ ಎಂಬುದಕ್ಕಿಂತ ಎಷ್ಟು ಹೊರಕ್ಕೆ ಚಾಚಿದೆ ಎಂಬುದು ಮುಖ್ಯವೆಂದರು. 2013ರಲ್ಲಿ ಜ್ಯೂರಿಕ್‌ನ ಮೂರ್, ಗೆರ್ಬರ್ ಮತ್ತಿತರರು ಗ್ಲೀನಾಯ್ಡ್ ಗುಳಿಯ ಓರೆಯನ್ನೂ ಅಕ್ರೋಮಿಯನ್ನಿನ ಚಾಚನ್ನೂ ಒಂದೇ ಅಳತೆಯಲ್ಲಿ ಹಿಡಿಯುವ ‘ನಿರ್ಣಾಯಕ ಭುಜಕೋನ’ವನ್ನು ಮುಂದಿಟ್ಟರು. ಕೋನ 35 ಡಿಗ್ರಿ ಮೀರಿದವರಲ್ಲಿ ಕಫ್ ಹರಿತವೂ, 30ಕ್ಕಿಂತ ಕೆಳಗಿದ್ದವರಲ್ಲಿ ಕೀಲಿನ ಸವೆತವೂ ಹೆಚ್ಚು ಕಂಡವು ಎಂಬುದು ಅವರ ನಿರೂಪಣೆ. ಇದರ ಹಿಂದಿನ ಯಂತ್ರಶಾಸ್ತ್ರ ಸರಳವಾದದ್ದು: ಅಕ್ರೋಮಿಯನ್ ಹೊರಕ್ಕೆ ಚಾಚಿದಷ್ಟೂ ಅಲ್ಲಿಂದ ಹೊರಡುವ ದೊಡ್ಡ ಡೆಲ್ಟಾಯ್ಡ್ ಸ್ನಾಯು ತೋಳೆಲುಬನ್ನು ನೆಟ್ಟಗೆ ಮೇಲಕ್ಕೆ ಜಗ್ಗುತ್ತದೆ, ಅದನ್ನು ಗುಳಿಯ ನಡುವೆ ಹಿಡಿದು ನಿಲ್ಲಿಸಲು ಚಿಕ್ಕ ಕಫ್ ಸ್ನಾಯುಗಳು ಹೆಚ್ಚು ಹೆಣಗಬೇಕಾಗುತ್ತದೆ, ಚಾಚು ಮೊಟಕಾಗಿದ್ದರೆ ಅದೇ ಬಲ ಕೀಲಿನೊಳಕ್ಕೆ ಒತ್ತಡವಾಗಿ ಇಳಿಯುತ್ತದೆ. ಇಲ್ಲಿ ತಿಕ್ಕಾಟದ ಮಾತಿಲ್ಲ, ಬಲದ ಹಂಚಿಕೆಯ ಮಾತಿದೆ. ಆದ್ದರಿಂದ ಹಳೆಯ ಸಿದ್ಧಾಂತಕ್ಕಿಂತ ಇದು ಹೆಚ್ಚು ನಂಬಲರ್ಹ. ಆದರೂ ಇದನ್ನು ಎಲ್ಲರೂ ಒಪ್ಪಿಲ್ಲ. 2017ರಲ್ಲಿ ಡೆನ್ಮಾರ್ಕಿನ ಒಂದು ತುಲನಾತ್ಮಕ ಅಧ್ಯಯನಕ್ಕೆ ಈ ಕೋನದೊಂದಿಗೆ ಕೀಲಿನ ಸವೆತದ ಸಂಬಂಧ ಸಿಕ್ಕಿತೇ ಹೊರತು ಕಫ್ ಹರಿತದ ಸಂಬಂಧ ಸಿಗಲಿಲ್ಲ.

ಇವೆಲ್ಲಕ್ಕೂ ಮಿಗಿಲಾದ ಒಂದು ಸಂಗತಿ ಎಲುಬಿನ ಹೊರಗಿದೆ: ಹರಿದ ರಜ್ಜು ನೋಯಲೇಬೇಕೆಂದಿಲ್ಲ. 1995ರಲ್ಲಿ ಷೆರ್ ಮತ್ತು ಸಂಗಡಿಗರು ಭುಜದ ಯಾವ ತೊಂದರೆಯೂ ಇಲ್ಲದ 96 ಜನರ ಎಂ.ಆರ್.ಐ. ಚಿತ್ರ ತೆಗೆದಾಗ ನೂರಕ್ಕೆ 34ರಷ್ಟು ಮಂದಿಯಲ್ಲಿ, ಅರವತ್ತು ದಾಟಿದವರಲ್ಲಂತೂ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ, ಪೂರ್ತಿ ಇಲ್ಲವೆ ಅರೆಬರೆ ಹರಿದ ಕಫ್ ಕಂಡಿತು. ತುರೋರಿಯಂಥ ಊರಿಗೆ ಹೆಚ್ಚು ಹತ್ತಿರವಾದದ್ದು ಜಪಾನಿನ ಒಂದು ಹಳ್ಳಿಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆ. ಮಿನಗಾವಾ ಮತ್ತು ಸಂಗಡಿಗರು ಆ ಹಳ್ಳಿಯ 664 ಜನರನ್ನು ಅಲ್ಟ್ರಾಸೌಂಡ್‌ನಿಂದ ಪರೀಕ್ಷಿಸಿ, 147 ಮಂದಿಯಲ್ಲಿ, ಎಂದರೆ ನೂರಕ್ಕೆ 22ರಷ್ಟು ಜನರಲ್ಲಿ, ಕಫ್ ಪೂರ್ತಿ ಹರಿದಿರುವುದನ್ನು ಕಂಡರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ನೋವೇ ಇರಲಿಲ್ಲ. ಜಪಾನಿನದೇ ಮತ್ತೊಂದು ಬೆಟ್ಟದ ಹಳ್ಳಿಯ ಜನರ ಮೇಲೆ ಯಮಾಮೊಟೊ ಮತ್ತಿತರರು ನಡೆಸಿದ, 2010ರಲ್ಲಿ ಬಂದ ಅಧ್ಯಯನದಲ್ಲಿ ಹರಿತಕ್ಕೆ ಸಂಬಂಧಪಟ್ಟ ಅಂಶಗಳೆಂದು ಎದ್ದುನಿಂತವು ಮೂರು: ವಯಸ್ಸು, ಹಿಂದೆ ಬಿದ್ದ ಪೆಟ್ಟು, ಹೆಚ್ಚು ಬಳಸುವ ಕೈ. ಕೆಲಸದ ಕೈ ಮೊದಲು ಸವೆಯುತ್ತದೆ ಎಂಬ ಈ ಮಾತು ಕೊಯ್ತಾ ಹಿಡಿಯುವವರಿಗೆ ಹೊಸದೇನೂ ಅಲ್ಲ.

ಸಿದ್ಧಾಂತ ಸಡಿಲವಾಗುತ್ತಿದ್ದ ಕಾಲದಲ್ಲೇ ಅದನ್ನು ನಂಬಿದ ಶಸ್ತ್ರಕ್ರಿಯೆ ಮಾತ್ರ ಹಬ್ಬುತ್ತ ಹೋದದ್ದು ಈ ಚರಿತ್ರೆಯ ಅತ್ಯಂತ ಕಳವಳಕಾರಿ ಅಧ್ಯಾಯ. ಇಂಗ್ಲೆಂಡಿನಲ್ಲಿ 2000–01ರಲ್ಲಿ ಸುಮಾರು 2,500ರಷ್ಟಿದ್ದ ಅಕ್ರೋಮಿಯನ್ ಕೆತ್ತುವ ಶಸ್ತ್ರಕ್ರಿಯೆಗಳು 2009–10ರ ಹೊತ್ತಿಗೆ 21,000 ದಾಟಿದವು. ಅದು ನಿಜಕ್ಕೂ ಉಪಯುಕ್ತವೇ ಎಂಬ ಪರೀಕ್ಷೆ ನಡೆದದ್ದು ಆಮೇಲೆ. ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ 313 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿ, ಒಂದಕ್ಕೆ ಎಲುಬು ಕೆತ್ತಿ, ಮತ್ತೊಂದಕ್ಕೆ ದುರ್ಬೀನು ಒಳಗಿಳಿಸಿ ನೋಡಿ ಏನೂ ಕೆತ್ತದೆ ಬಿಟ್ಟು, ಮೂರನೆಯದಕ್ಕೆ ಯಾವ ಚಿಕಿತ್ಸೆಯನ್ನೂ ಕೊಡದೆ ಗಮನಿಸಿದ ಪ್ರಯೋಗದ ಫಲ 2018ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಎಲುಬು ಕೆತ್ತಿಸಿಕೊಂಡವರಿಗೂ ಕೆತ್ತಿಸಿಕೊಂಡಿದ್ದೇವೆ ಎಂದು ತಿಳಿದುಕೊಂಡಿದ್ದವರಿಗೂ ನೋವಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಚಿಕಿತ್ಸೆಯೇ ಇಲ್ಲದವರಿಗಿಂತ ಅವರು ಉತ್ತಮಗೊಂಡಿದ್ದು ಗಣನೆಗೆ ಬಾರದಷ್ಟು ಸ್ವಲ್ಪ. ಅದೇ ವರ್ಷ ಫಿನ್‌ಲ್ಯಾಂಡಿನಲ್ಲಿ 210 ಜನರನ್ನು ಎರಡು ವರ್ಷ ಗಮನಿಸಿದ ಇನ್ನೊಂದು ಪ್ರಯೋಗವೂ ಇದನ್ನೇ ಹೇಳಿತು. ಆಕಾರವೇ ನೋವಿನ ಮೂಲವಾಗಿದ್ದರೆ ಆಕಾರವನ್ನು ತಿದ್ದಿದಾಗ ನೋವು ಹೋಗಬೇಕಿತ್ತು, ಹೋಗಲಿಲ್ಲ. 2019ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಳಿಯೊಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಬಗೆಯ ನೋವಿಗೆ ಎಲುಬು ಕೆತ್ತುವುದು ಬೇಡವೆಂದು ಬಲವಾದ ಶಿಫಾರಸನ್ನೇ ಮಾಡಿತು.

ವ್ಯಾಯಾಮದ ಫಲ ಇದಕ್ಕೆ ಎದುರಾಗಿ ನಿಲ್ಲುತ್ತದೆ. ಸ್ವೀಡನ್ನಿನಲ್ಲಿ ಶಸ್ತ್ರಕ್ರಿಯೆಗಾಗಿ ಸರದಿಯಲ್ಲಿ ಕಾದಿದ್ದ 97 ಜನರಲ್ಲಿ ಅರ್ಧದಷ್ಟು ಜನಕ್ಕೆ ಕಫ್ ಮತ್ತು ಭುಜಫಲಕದ ಸ್ನಾಯುಗಳನ್ನು ಬಲಪಡಿಸುವ ನಿರ್ದಿಷ್ಟ ವ್ಯಾಯಾಮವನ್ನು 12 ವಾರ ಮಾಡಿಸಿ, ಉಳಿದವರಿಗೆ ಸಾಮಾನ್ಯ ವ್ಯಾಯಾಮ ಹೇಳಿಕೊಡಲಾಯಿತು. 2012ರಲ್ಲಿ ಹೊಲ್ಮ್‌ಗ್ರೆನ್ ಮತ್ತಿತರರು ಪ್ರಕಟಿಸಿದ ಫಲಿತಾಂಶದಂತೆ ಆನಂತರವೂ ಶಸ್ತ್ರಕ್ರಿಯೆ ಬೇಕೆಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 20, ಎರಡನೆಯದರಲ್ಲಿ 63. ಪೆಟ್ಟು ಬೀಳದೆ ತಾನಾಗಿ ಹರಿದ ಕಫ್ ಇದ್ದ 452 ಜನರನ್ನು ಅಮೆರಿಕದಲ್ಲಿ ಎರಡು ವರ್ಷ ಗಮನಿಸಿದ ಅಧ್ಯಯನದಲ್ಲೂ ವ್ಯಾಯಾಮದ ನಂತರ ಶಸ್ತ್ರಕ್ರಿಯೆಗೆ ಹೋದವರು ಕಾಲು ಭಾಗಕ್ಕಿಂತ ಕಡಿಮೆ. ಎಲುಬು ಇದ್ದಂತೆಯೇ ಇತ್ತು, ಅದರ ಕೆಳಗಿನ ಸ್ನಾಯು ಬಲಿಯಿತು, ನೋವು ಇಳಿಯಿತು.

ಆದರೆ ಇಷ್ಟನ್ನೇ ಹೇಳಿ ಎಲುಬಿನ ಆಕಾರಕ್ಕೆ ಬೆಲೆಯೇ ಇಲ್ಲವೆಂದು ತೀರ್ಮಾನಿಸಿದರೆ ಅದು ಇನ್ನೊಂದು ಬದಿಯ ತಪ್ಪು. ಭುಜ ಜಾರುವ ವಿಷಯದಲ್ಲಿ, ಎಂದರೆ ತೋಳೆಲುಬಿನ ತಲೆ ಗುಳಿಯಿಂದ ಹೊರಬೀಳುವ ವಿಷಯದಲ್ಲಿ, ಎಲುಬಿನ ಮಾತು ಕಡೆಯ ಮಾತಾಗುವ ಸಂದರ್ಭಗಳಿವೆ. ಅಮೆರಿಕದ ಸೈನಿಕ ಅಕಾಡೆಮಿಯ 714 ತರುಣರನ್ನು ಮೊದಲೇ ಎಂ.ಆರ್.ಐ. ಮಾಡಿ ನಾಲ್ಕು ವರ್ಷ ಗಮನಿಸಿದ, 2014ರಲ್ಲಿ ಬಂದ ಅಧ್ಯಯನದಲ್ಲಿ ಗ್ಲೀನಾಯ್ಡ್ ಗುಳಿ ಉದ್ದವಾಗಿ ಕಿರಿದಾಗಿದ್ದವರಿಗೆ ಭುಜ ಮುಂದಕ್ಕೆ ಜಾರುವ ಸಂಭವ ಹೆಚ್ಚೆಂದು ಗೊತ್ತಾಯಿತು. ಗಾಯವಾಗುವ ಮುನ್ನವೇ ಅಳೆದಿದ್ದರಿಂದ ಇಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂಬ ಗೊಂದಲಕ್ಕೆ ಎಡೆಯಿಲ್ಲ. ಒಮ್ಮೆ ಜಾರಿದ ಮೇಲೆ ಹೊಸ ಆಕಾರದೋಷಗಳು ಹುಟ್ಟುತ್ತವೆ: ಗುಳಿಯ ಮುಂಅಂಚು ಮುರಿಯುತ್ತದೆ, ತೋಳೆಲುಬಿನ ತಲೆಯ ಹಿಂಬದಿಯಲ್ಲಿ 1940ರಲ್ಲಿ ಹಿಲ್ ಮತ್ತು ಸ್ಯಾಕ್ಸ್ ವಿವರಿಸಿದ ಕುಳಿ ಬೀಳುತ್ತದೆ. ಬರ್ಕ್‌ಹಾರ್ಟ್ ಮತ್ತು ಡಿ ಬೀರ್ 2000ದಲ್ಲಿ, ರಗ್ಬಿ ಆಟಗಾರರೂ ಸೇರಿದ್ದ 194 ಭುಜಗಳನ್ನು ಪರಿಶೀಲಿಸಿ, ಎಲುಬು ಗಣನೀಯವಾಗಿ ನಷ್ಟವಾಗದಿದ್ದವರಲ್ಲಿ ಮೃದುಭಾಗದ ಹೊಲಿಗೆಯ ನಂತರ ಭುಜ ಮತ್ತೆ ಜಾರಿದ್ದು ನೂರಕ್ಕೆ 4, ನಷ್ಟವಾಗಿದ್ದವರಲ್ಲಿ 67 ಎಂದು ತೋರಿಸಿದರು. ಗುಳಿಯ ಅಗಲದಲ್ಲಿ ಐದನೇ ಒಂದು ಪಾಲಿನಷ್ಟು ಹೋಗಿದ್ದರೆ ಬರೀ ಹೊಲಿಗೆ ಸಾಲದು, ಲಿಯೋನ್‌ನ ಲಾತಾರ್ಜೆ 1954ರಲ್ಲಿ ರೂಢಿಗೆ ತಂದ ಹಾಗೆ ಎಲುಬನ್ನೇ ಕೂಡಿಸಬೇಕಾಗುತ್ತದೆ ಎಂಬುದು ಇಂದಿನ ಸಾಮಾನ್ಯ ತಿಳಿವಳಿಕೆ.

ಕುಸ್ತಿಯ ಈ ನಾಡಿಗೆ ಆ ಮಾತು ದೂರದ್ದಲ್ಲ. 1970ರ ಎಡಿನ್‌ಬರೋ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದ ಪೈಲ್ವಾನ ಹರಿಶ್ಚಂದ್ರ ಬಿರಾಜದಾರ ನಿಲಂಗಾ ತಾಲ್ಲೂಕಿನವರು. ಜಾತ್ರೆಯ ಕುಸ್ತಿ, ತಾಲೀಮಿನ ದಂಡ–ಬೈಠಕ್, ಗುಂಡು ಎತ್ತುವ ಪಂದ್ಯ ಈ ಸೀಮೆಯ ಹುಡುಗರಿಗೆ ಇಂದಿಗೂ ಹುರುಪಿನ ಸಂಗತಿಗಳು. ಎದುರಾಳಿ ತೋಳನ್ನು ಹಿಂದಕ್ಕೆ ತಿರುವಿದಾಗ ಜಾರಿದ ಭುಜವನ್ನು ಅಲ್ಲಿಯೇ ಜಗ್ಗಿ ಕೂಡಿಸಿ, ಎರಡು ದಿನ ಎಣ್ಣೆ ತಿಕ್ಕಿ, ಮತ್ತೆ ಅಖಾಡಕ್ಕೆ ಇಳಿಸುವ ರೂಢಿ ಅಪಾಯದ್ದು. ಬಲವಂತದ ಜಗ್ಗಾಟದಿಂದ ಭುಜದ ಸುತ್ತ ಹಾಯುವ ನರಕ್ಕೆ ಪೆಟ್ಟಾಗಬಹುದು, ಮುರಿದ ಎಲುಬು ಇನ್ನಷ್ಟು ಸರಿಯಬಹುದು. ಇಪ್ಪತ್ತರ ಒಳಗಿನ ವಯಸ್ಸಿನಲ್ಲಿ ಒಮ್ಮೆ ಜಾರಿದ ಭುಜ ಮತ್ತೆ ಜಾರುವ ಸಂಭವ ಬಹಳ ಹೆಚ್ಚು, ಪ್ರತಿ ಸಲವೂ ಗುಳಿಯ ಅಂಚು ಇಷ್ಟಿಷ್ಟೇ ಸವೆಯುತ್ತದೆ. ಎಕ್ಸ್‌ರೇ ಅತ್ಯಗತ್ಯವಾದ ಸಂದರ್ಭ ಇದು.

ಎಲುಬು ದುಡಿಮೆಯನ್ನು ನಿರ್ಧರಿಸುವಂತೆಯೇ ದುಡಿಮೆಯೂ ಎಲುಬನ್ನು ರೂಪಿಸುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ಅಕ್ರೋಮಿಯನ್ನಿನ ತುದಿ ಹರೆಯದಲ್ಲಿ ಬಿಡಿ ತುಣುಕುಗಳಾಗಿದ್ದು ಇಪ್ಪತ್ತೈದರ ಒಳಗೆ ಮೂಲಕ್ಕೆ ಕೂಡಿಕೊಳ್ಳುತ್ತದೆ. ಕೆಲವರಲ್ಲಿ ಕೂಡುವುದೇ ಇಲ್ಲ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಯುದ್ಧನೌಕೆ ‘ಮೇರಿ ರೋಸ್’ನ ನಾವಿಕರ ಅಸ್ಥಿಗಳಲ್ಲಿ ಇಂಥ ಕೂಡದ ತುದಿಗಳು ವಾಡಿಕೆಗಿಂತ ಹೆಚ್ಚಾಗಿ ಸಿಕ್ಕಿದ್ದನ್ನು ಕಂಡ ಆ್ಯನ್ ಸ್ಟರ್ಲೆಂಡ್, ಎಳವೆಯಿಂದಲೇ ಭಾರವಾದ ಬಿಲ್ಲು ಎಳೆದ ಬಿಲ್ಲಾಳುಗಳ ಗುರುತಿದು ಎಂದು ವಿವರಿಸಿದರು. ಚಿಕ್ಕಂದಿನಿಂದ ಬೇಸ್‌ಬಾಲ್ ಎಸೆದವರ ಎಸೆಯುವ ಕೈಯ ತೋಳೆಲುಬು ಮತ್ತೊಂದು ಕೈಯದಕ್ಕಿಂತ ಹಿಂದಕ್ಕೆ ತಿರುಚಿಕೊಂಡಿರುತ್ತದೆ, ಮತ್ತು ಆ ತಿರುಚು ಎಸೆತಕ್ಕೆ ಅನುಕೂಲವಾಗಿಯೇ ಒದಗುತ್ತದೆ. ಹೆರಿಗೆಯಲ್ಲಿ ಕುತ್ತಿಗೆಯ ನರಗಳು ಜಗ್ಗಿ ತೋಳು ಸೋತ ಮಗುವಿನಲ್ಲಿ, ಸ್ನಾಯುಗಳ ಬಲ ಏರುಪೇರಾಗಿ, ಗುಳಿ ಬೆಳೆಯುತ್ತ ಬೆಳೆಯುತ್ತ ಹಿಂದಕ್ಕೆ ಓರೆಯಾಗುತ್ತದೆ. ಬೇಗ ಗುರುತಿಸಿ ವ್ಯಾಯಾಮ ಶುರು ಮಾಡಿದರೆ ಆ ವಿಕಾರವನ್ನು ಎಷ್ಟೋ ಮಟ್ಟಿಗೆ ತಡೆಯಬಹುದು. ಎಲುಬು ಹುಟ್ಟಿನಲ್ಲೇ ಬರೆದಿಟ್ಟ ಬರಹವಲ್ಲ, ವಿಶೇಷವಾಗಿ ಬೆಳೆಯುವ ವಯಸ್ಸಿನಲ್ಲಿ. ಹದಿನಾಲ್ಕು, ಹದಿನೈದರ ಮಕ್ಕಳು ತಂದೆ–ತಾಯಿಯ ಜೊತೆ ಕಬ್ಬಿನ ಫಡದಲ್ಲಿ ಹೊರೆ ಹೊರುವುದನ್ನು ಶಾಲೆ ತಪ್ಪುವ ದೃಷ್ಟಿಯಿಂದ ಮಾತ್ರವಲ್ಲದೆ ಈ ದೃಷ್ಟಿಯಿಂದಲೂ ತಡೆಯಬೇಕಾಗಿದೆ.

ಹಾಗಾದರೆ ಈ ಸೀಮೆಯಲ್ಲಿ ‘ಕೈ ಮ್ಯಾಲ ಏಳವಲ್ದು’ ಎಂದು ದವಾಖಾನೆಗೆ ಬರುವವರ ಭುಜದಲ್ಲಿ ಏನು ನಡೆದಿರಬಹುದು? ತೋಳನ್ನು ಪಕ್ಕದಿಂದ ಎತ್ತುವಾಗ ಅರವತ್ತರಿಂದ ನೂರಿಪ್ಪತ್ತು ಡಿಗ್ರಿಗಳ ನಡುವೆ ನೋವು ಹಿಡಿದು, ಅದನ್ನು ದಾಟಿದ ಮೇಲೆ ಕಡಿಮೆಯಾದರೆ, ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿದ್ದರೆ, ಬಹುಪಾಲು ಅದು ಕಫ್ ರಜ್ಜುವಿನ ನೋವು. ವೈದ್ಯರು ಹಿಡಿದೆತ್ತಿದರೂ ತೋಳು ಏಳದೆ, ಮೊಣಕೈಯನ್ನು ಮೈಗೆ ಹಚ್ಚಿ ಮುಂಗೈಯನ್ನು ಹೊರಕ್ಕೆ ತಿರುಗಿಸಲು ಬಾರದೆ, ತುರುಬು ಕಟ್ಟುವುದೇ ಕಷ್ಟವಾದರೆ ಅದು ಕೀಲಿನ ಪೊರೆ ಬಿಗಿದುಕೊಂಡ ‘ಫ್ರೋಜನ್ ಶೋಲ್ಡರ್’. ಆಯುರ್ವೇದದ ಅವಬಾಹುಕ ವರ್ಣನೆ ಇದಕ್ಕೆ ಹತ್ತಿರದ್ದು. ನಲವತ್ತು–ಅರವತ್ತರ ನಡುವಿನ ಹೆಂಗಸರಲ್ಲಿ, ಅದಕ್ಕಿಂತ ಮುಖ್ಯವಾಗಿ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಇದು ಹೆಚ್ಚು. ಇಲ್ಲಿ ಎಕ್ಸ್‌ರೇಯ ಎಲುಬು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಪರೀಕ್ಷಿಸಬೇಕಾದದ್ದು ರಕ್ತದ ಸಕ್ಕರೆಯನ್ನು. ಕುತ್ತಿಗೆಯ ನರದ ಒತ್ತಡ, ಕೀಲಿನ ಕ್ಷಯ, ಎಡಭುಜದ ನೋವಿನ ಜೊತೆಗೆ ಎದೆ ಹಿಡಿತ ಮತ್ತು ಬೆವರು ಇದ್ದರೆ ಹೃದಯದ ತೊಂದರೆ, ಇವುಗಳನ್ನೂ ಮರೆಯುವಂತಿಲ್ಲ.

ಈ ಹಿನ್ನೆಲೆಯಲ್ಲಿ ಐವತ್ತೈದರ ಹಮಾಲನೊಬ್ಬನ ಎಕ್ಸ್‌ರೇಯಲ್ಲಿ ಕೊಕ್ಕೆಯೋ ಮುಳ್ಳೋ ಕಂಡ ಮಾತ್ರಕ್ಕೆ ಅದನ್ನೇ ರೋಗವೆಂದು ಹೆಸರಿಸುವುದು ಸರಿಯಲ್ಲ. ಚಿತ್ರದ ಮೇಲಿನ ಆ ಬಾಗನ್ನು ತೋರಿಸಿ ‘ಎಲುಬು ಬೆಳೆದಿದೆ’ ಎಂದು ಹೇಳಿದರೆ ಕೇಳಿದವರ ಮನಸ್ಸಿನಲ್ಲಿ ಉಳಿಯುವುದು ಕೆತ್ತದೆ ಗತಿಯಿಲ್ಲ ಎಂಬ ಅಂಜಿಕೆ. ಎಮ್ಮೆ ಮಾರಿಯೋ, ಕಬ್ಬಿನ ಕೂಲಿಗೆ ಜನ ಕಟ್ಟುವ ಮುಕಾದಮನ ಕಡೆ ಮುಂಗಡ ಎತ್ತಿಯೋ ಶಹರದ ಆಸ್ಪತ್ರೆಗೆ ಹಣ ಹೊಂದಿಸುವ ಕುಟುಂಬಕ್ಕೆ ಆ ಒಂದು ಮಾತಿನ ಭಾರ ದೊಡ್ಡದು. ಮೂರು ತಿಂಗಳ ಕ್ರಮಬದ್ಧ ವ್ಯಾಯಾಮ ಮೊದಲ ಚಿಕಿತ್ಸೆಯಾಗಬೇಕು. ಅದಕ್ಕೆ ದುಬಾರಿ ಸಲಕರಣೆ ಬೇಡ: ಬಾಗಿಲ ಚೌಕಟ್ಟಿಗೆ ಕಟ್ಟಿದ ಹಳೆಯ ಸೈಕಲ್ ಟ್ಯೂಬನ್ನು, ಮೊಣಕೈ ಮತ್ತು ಪಕ್ಕೆಯ ನಡುವೆ ಸುತ್ತಿದ ಟವೆಲ್ ಇಟ್ಟುಕೊಂಡು, ಮುಂಗೈಯಿಂದ ಹೊರಕ್ಕೆ ಎಳೆದು ನಿಧಾನವಾಗಿ ಬಿಡುವುದು, ಗೋಡೆಗೆ ಕೈಯೂರಿ ದಂಡ ಹಾಕುವುದು, ಭುಜಫಲಕಗಳೆರಡನ್ನೂ ಹಿಂದಕ್ಕೆ ಕೂಡಿಸಿ ಹಿಡಿಯುವುದು. ಬಿದ್ದ ಪೆಟ್ಟಿನಿಂದ ಒಮ್ಮೆಗೇ ಕೈ ಎತ್ತಲಾರದಂತಾದ ಹರೆಯದವರು, ಭುಜ ಮತ್ತೆ ಮತ್ತೆ ಜಾರುವವರು, ಜ್ವರ ಬಾವುಗಳೊಂದಿಗೆ ನೋಯುವವರು ಮಾತ್ರ ಈ ಮೂರು ತಿಂಗಳು ಕಾಯದೆ ಕೂಡಲೇ ತಜ್ಞರ ಬಳಿ ಹೋಗಬೇಕು.

ಆಕಾರವನ್ನು ಬದಲಿಸಲಾಗದಿದ್ದರೂ ಹೊರೆಯನ್ನು ಬದಲಿಸಬಹುದು. ಒಬ್ಬ ವಯಸ್ಕ ಗಂಡಸು ಹೊರಬಹುದಾದ ಗರಿಷ್ಠ ತೂಕ 55 ಕಿಲೋ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಮಹಾರಾಷ್ಟ್ರ 1969ರಷ್ಟು ಹಿಂದೆಯೇ ಮಾಥಾಡಿ ಮತ್ತು ಹಮಾಲರಿಗಾಗಿ ಪ್ರತ್ಯೇಕ ಕಾನೂನು ಮಾಡಿದ ರಾಜ್ಯ. ಕ್ವಿಂಟಲ್ ಚೀಲದ ಬದಲು 50 ಕಿಲೋ ಚೀಲ, ಕಬ್ಬಿನ ಹೊರೆಯನ್ನು ಇಬ್ಬರು ಸೇರಿ ಎತ್ತುವುದು, ಲಾರಿಗೆ ಹತ್ತುವ ಹಲಗೆಯ ಓರೆಯನ್ನು ತಗ್ಗಿಸುವುದು, ಎಡಬಲಗಳನ್ನು ಬದಲಿಸುವ ಅಭ್ಯಾಸ: ಇವು ಯಾವ ಶಸ್ತ್ರಕ್ರಿಯೆಗಿಂತಲೂ ಹೆಚ್ಚು ಭುಜಗಳನ್ನು ಉಳಿಸಬಲ್ಲವು.

ಜಪಾನಿನ ಹಳ್ಳಿಯಲ್ಲಿ ಆದಂಥ ಸಮೀಕ್ಷೆ ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳ ಊರುಗಳಲ್ಲೂ ಆಗಬೇಕು. ಲಾತೂರ, ಸೊಲ್ಲಾಪುರ, ಬೀದರ, ಕಲಬುರಗಿಗಳ ವೈದ್ಯಕೀಯ ಕಾಲೇಜುಗಳೆಲ್ಲ ಇಲ್ಲಿಂದ ಕೆಲವೇ ಗಂಟೆಗಳ ದಾರಿಯಲ್ಲಿವೆ, ಬೇಕಾದ ಅಲ್ಟ್ರಾಸೌಂಡ್ ಯಂತ್ರ ಒಬ್ಬರು ಹೊತ್ತೊಯ್ಯುವಷ್ಟು ಚಿಕ್ಕದಾಗಿಯೂ ಸಿಗುತ್ತದೆ. ಕಬ್ಬಿನ ಹಂಗಾಮು ಮುಗಿದು ಜನ ಊರಿಗೆ ಮರಳುವ ಬೇಸಿಗೆಯಲ್ಲಿ ಅದನ್ನು ಕೈಗೊಳ್ಳಲಿ. ಅಲ್ಲಿಯವರೆಗೆ ಭುಜದ ವ್ಯಾಯಾಮಗಳನ್ನು ಚಿತ್ರಸಹಿತ ತೋರಿಸುವ ಒಂದು ಹಾಳೆಯನ್ನು, ಒಂದು ಮಗ್ಗುಲಲ್ಲಿ ಮರಾಠಿ, ಮತ್ತೊಂದು ಮಗ್ಗುಲಲ್ಲಿ ಕನ್ನಡ ಅಚ್ಚು ಹಾಕಿಸಿ, ಈ ಗಡಿಯ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಡುವ ಕೆಲಸವನ್ನು ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳು ಈ ಹಂಗಾಮಿಗೆ ಮುನ್ನವೇ ಮಾಡಬೇಕು.